ತಪಾಸಣಿ

ಈ ಗಡ್ಡಿಗೆ ಚಳಿ ಬೇಕಂತ.
ಹಟ್ಟಿ ಕ್ಯಾಂಪಿನಾಗ ಚಳಿ ಎಲ್ಲಿಂದ ತರಲಿ?
ನಲವತ್ನಾಕು ಡಿಗ್ರಿ. ನಲ್ಲಿ ತಿರುವಿದರ
ಚಾಪುಡಿ ಹಾಕೋದೊಂದೇ ಬಾಕಿ.

ಕುತ್ತಿಗಿ ಹೂಳದಂಗ ನಟ್ಟಿದ್ದೆ,
ನೆರಳಿಗೆ ಗೋಣಿತಟ್ಟು ಕಟ್ಟಿದ್ದೆ.
ಮೂರು ವರ್ಷ ಬರೀ ಎಲಿ,
ಉದ್ದುದ್ದ ನಾಲಗಿ,
ಹೂವಿನ ಮಾತು ಒಂದೂ ಆಡಲಿಲ್ಲ ಅಮರಿಲ್ಲಿಸ್.

ಫ್ರಿಜ್ಜಿನಾಗ ಇಟ್ಟರ ಕರೆಂಟು ಹೋತು.

ಹುಸೇನಪ್ಪ ಅಂದ: ಕೊಡಿಲ್ಲಿ.
ಗಾಳಿ ಇಳಿಯೋ ಶಾಫ್ಟಿನ ಮಗ್ಗಲಕ ಒಂದು ಗೂಡೈತಿ,
ಅಲ್ಲಿ ಬೆವರಿಗೂ ನಡುಕ.

ಎಲಿ ಕೊಯ್ದು, ಪೇಪರಿನಾಗ ಸುತ್ತಿ,
ರೊಟ್ಟಿ ಡಬ್ಬಿಯಾಗಿಟ್ಟು
ಮೊದಲನೇ ಪಾಳಿಗೆ ಕಳಿಸಿದೆ.

ಆರು ವಾರ.
ಬಂಗಾರದ ಕಲ್ಲು ಮ್ಯಾಲೆ ಬರತಿತ್ತು,
ನನ್ನ ಗಡ್ಡಿ ಕೆಳಗ ಮಲಗಿತ್ತು.
ದಿನಾ ಕೇಳತಿದ್ದೆ, ಅಂವ ಬೂಟು ಬಿಚ್ಚೋ ಮೊದಲ:
ಹೆಂಗೈತಿ?
ಮಲಗೇತಿ, ಎಬ್ಬಿಸಬ್ಯಾಡ.

ತರೋ ದಿನ ಗೇಟಿನಾಗ ಹಿಡದರು.
ಕಿಸೆ ತಡವಿ, ಬೂಟು ಜಾಡಿಸಿ,
ಒಳಗಿಂದ ಏನು ತಂದಿ? ಡಬ್ಬಿ ತೆಗಿ.

ಪೇಪರ್ ಬಿಚ್ಚಿದರ
ಗಡ್ಡಿಯ ಮಗ್ಗಲದಾಗ
ಗಿಣಿಮರಿಯ ಕೊಕ್ಕಿನಂಥಾದ್ದೊಂದು
ಹೊರಗ ಇಣುಕಿತ್ತು.

ಸೆಕ್ಯುರಿಟಿ ದುರುಗಪ್ಪ ಭಾಳ ಹೊತ್ತು ನೋಡಿದನಂತ.
ಆಮ್ಯಾಲೆ ಪೆನ್ನು ಜಾಡಿಸಿ
ರಿಜಿಸ್ಟರಿನಾಗ ಬರದ:

ಉಳ್ಳಾಗಡ್ಡಿ, ಒಂದು.