ಎರಡು ಗಂಟೆಗೊಮ್ಮೆ

ಕಾರ್ಡಿಫ್. ರಾತ್ರಿ ಪಾಳಿ.
ಹಡಗುಕಟ್ಟೆಯ ಕಡೆಯಿಂದ ಉಪ್ಪುಗಾಳಿ ಬಂದು
ಕಿಟಕಿಗೆ ಹಣೆ ಒತ್ತುತ್ತಿದೆ.
ಏಳನೇ ಮಂಚದಲ್ಲಿ ವರ್ಸಾಮೆ, ಎಂಬತ್ತೊಂಬತ್ತು,
ಎಡಮೈ ಬಿದ್ದುಹೋಗಿ ಹದಿನೆಂಟು ದಿನ.
"ನೋವಿದೆಯಾ?" ಅಂದರೆ "ಎಲ್ಲಿ?" ಅನ್ನುತ್ತಾರೆ,
ಕಳೆದ ಕೀಲಿಕೈ ಕೇಳುವವರ ಹಾಗೆ.

ನನಗೆ ಕಲಿಸಿದ್ದು ಇಷ್ಟು:
ಬೆರಳಿಂದ ಒತ್ತು. ಬಿಡು.
ಬೆಳ್ಳಗಾಗಿ ಮತ್ತೆ ರಂಗೇರಿದರೆ ಕ್ಷೇಮ,
ಕೆಂಪು ಕದಲದೆ ಅಲ್ಲೇ ಕೂತರೆ ಎಚ್ಚರ.
ಪುಸ್ತಕದ ಚಿತ್ರದಲ್ಲಿದ್ದದ್ದು
ನನ್ನಂಥವರ ಬೆನ್ನು.

ಹೋದ ಚಳಿಗಾಲ ಯೂಲಾಲಿಯ ಬೆನ್ನ ಬುಡದಲ್ಲಿ
ಒತ್ತಿದೆ, ಬಿಟ್ಟೆ. ಕಪ್ಪು ಕಪ್ಪಾಗಿಯೇ ಇತ್ತು.
"ಚರ್ಮ ಸರಿಯಿದೆ": ಫಾರಂನಲ್ಲಿ ನನ್ನದೇ ಕೈಬರಹ,
ಮಂಗಳವಾರ.
ಶುಕ್ರವಾರದ ಹೊತ್ತಿಗೆ ಅಲ್ಲಿ
ಹೆಬ್ಬೆರಳು ಇಳಿಯುವಷ್ಟು ಗುಂಡಿ,
ತಳದಲ್ಲಿ ಬೆಳ್ಳಗೆ ಏನೋ.
ಏನೋ ಅಲ್ಲ. ಮೂಳೆ.

ಈಗ ಈ ಯಂತ್ರ ಬಂದಿದೆ, ಆರು ತಿಂಗಳ ಎರವಲು.
ಟಾರ್ಚಿನಷ್ಟೇ. ಚುಚ್ಚುವುದಿಲ್ಲ, ಮುಟ್ಟುವುದೂ ಇಲ್ಲ;
ಗೇಣು ದೂರ ಹಿಡಿದರೆ ಸಾಕು,
ಕಣ್ಣಿಗೆ ಕಾಣದ ಬೆಳಕು ಒಳಗಿಳಿದು
ಉಸಿರು ಸಿಕ್ಕಿತಾ ಎಂದು ನೆತ್ತರನ್ನು ಕೇಳಿ
ಮರಳಿ ಬರುತ್ತದೆ.
ಎಲ್ಲ ಬೆಳಕೂ ಅಲ್ಲ. ಕಪ್ಪು ಮೈ ಇಲ್ಲೂ
ಒಂದಿಷ್ಟು ಸುಂಕ ಮುರಿದುಕೊಳ್ಳುತ್ತದೆ,
ಲೆಕ್ಕ ತಿದ್ದಿಕೊಳ್ಳಬೇಕು
ಅಂದಿದ್ದಳು ಯಂತ್ರ ತಂದ ಹುಡುಗಿ.

ವರ್ಸಾಮೆಯನ್ನು ಮಗ್ಗುಲಿಗೆ ಹೊರಳಿಸಿದೆ.
ಬರಿಗಣ್ಣಿಗೆ ಏನೂ ಇಲ್ಲ.
ಪರದೆಯಲ್ಲಿ, ಬೆನ್ನ ಬುಡದ ಎಡಕ್ಕೆ,
ಕಾಸಿನಗಲ ನೀಲಿ.

ಅವರಿಗೂ ತೋರಿಸಿದೆ.
ಹದಿನೆಂಟರಲ್ಲಿ ಹಡಗಿನ ಕುಲುಮೆಗೆ
ಕಲ್ಲಿದ್ದಲು ಎತ್ತಿ ಹಾಕಿದ ಮನುಷ್ಯ;
ತುಂಬ ಹೊತ್ತು ನೋಡಿದರು.
"ಬೂದಿ ಮುಚ್ಚಿದ ಮಾತ್ರಕ್ಕೆ ಕೆಂಡ ಆರುತ್ತದಾ?
ನಾವು ಅಂಗೈ ಹಿಡಿದು ನೋಡುತ್ತಿದ್ದೆವು, ಮುಟ್ಟದೆ.
ನಿಮ್ಮದು ಈಗ ಕಲಿತಿದೆ."
ಆಮೇಲೆ ಚಹಾ ಕೇಳಿದರು, ಏಲಕ್ಕಿ ಹಾಕಿದ್ದು.
ಇಲ್ಲಿ ಏಲಕ್ಕಿ ಇಲ್ಲ.

ದಿಂಬು ಬೆನ್ನ ಹಿಂದೆ, ಮುಖ ಬಲಕ್ಕೆ. ಎರಡು ಗಂಟೆ.
ನಾಲ್ಕಕ್ಕೆ ಮತ್ತೆ ಹಿಡಿದೆ:
ನೀಲಿಯ ಅಂಚು ತುಸು ಕರಗಿತ್ತು,
ಅಥವಾ ನನಗೆ ಹಾಗೆ ಕಾಣಬೇಕಿತ್ತು.
"ಸರಿಯಿದೆ" ಎಂಬ ಚೌಕ ಖಾಲಿ ಬಿಟ್ಟು
ಅಳತೆ ಬರೆದೆ, ಹೊತ್ತು ಬರೆದೆ.

ಕೈ ತೊಳೆಯುವಾಗ
ನನ್ನದೇ ಮಣಿಕಟ್ಟನ್ನು ಒತ್ತಿದೆ, ಬಿಟ್ಟೆ.
ಬೆಳ್ಳಗಾಯಿತು, ಕೆಂಪಾಯಿತು.
ಎಷ್ಟು ಬೇಗ ಉತ್ತರ ಕೊಟ್ಟಿತು.