ಬೆಂಗ್ರೆಯ ದೋಣಿ, ಹನ್ನೊಂದು ನಿಮಿಷ

ಮಾತೇ ಇಲ್ಲದ ನಾಟಕಕ್ಕೆ
ಪ್ರಾಂಪ್ಟರ್ ಯಾಕೆ ಮಾರಾಯ್ರೇ ಎಂದು
ನಕ್ಕವರಲ್ಲಿ ನನ್ನ ಗಂಡನೂ ಒಬ್ಬ.

ನಾಲ್ಕೇ ಪುಟ, ನೀಲಿ ಶಾಯಿ.
ಬರುತ್ತಾನೆ. ಬುತ್ತಿ ಕೆಳಗಿಡುತ್ತಾನೆ. ದೋಣಿ ಇಲ್ಲ.
ಕೂರುತ್ತಾನೆ. ಬುತ್ತಿ ಬಿಚ್ಚುತ್ತಾನೆ, ಮುಚ್ಚುತ್ತಾನೆ.
ಎದ್ದು ನೀರು ನೋಡುತ್ತಾನೆ.

ಮೊದಲ ಆಟ ಜೆಪ್ಪುವಿನಲ್ಲಿ,
ಹಸಿ ಹಂಚು ಒಣಗಿಸುವ ಶೆಡ್ಡಿನಲ್ಲಿ.
ಠಾಣೆಯವರು ಕೇಳಿದರು, ಸಂಭಾಷಣೆಯ ಪ್ರತಿ ಎಲ್ಲಿ?
ಖಾಲಿ ಹಾಳೆ ಕೊಟ್ಟೆವು.
ತಿರುಗಿಸಿ ಮುರುಗಿಸಿ ನೋಡಿ, ಮುದ್ರೆ ಒತ್ತಿ
‘ಆಕ್ಷೇಪಣೆ ಇಲ್ಲ’ ಅಂತ ಬರೆದರು.

ಲೋಕಯ್ಯ ಕುಂದರ್, ಐಸ್ ಪ್ಲಾಂಟಿನವ.
ಎರಡು ಬೆರಳು ಮರಗಟ್ಟಿದ್ದವು.
ಬುತ್ತಿಯ ಕೊಕ್ಕೆ ತೆಗೆಯಲು ಅವ ಪಡುವ ಪಾಡನ್ನು
ಜನ ಅಭಿನಯ ಅಂದುಕೊಂಡರು.

ಬೆಳಗಿನವರೆಗೆ ಅರ್ಥ ಹೇಳಿದರೂ
ಇನ್ನೊಂದು ಮಾತು ಬಾಕಿ ಇರುವ ಸೀಮೆ ಇದು;
ತುಳು, ಕೊಂಕಣಿ, ಬ್ಯಾರಿ, ಕನ್ನಡ,
ನಾಲ್ಕರಲ್ಲೂ ಬೈದುಕೊಂಡೇ ದೋಣಿ ಹತ್ತುವವರು.
ಒಬ್ಬ ಸುಮ್ಮನೆ ಕೂತನೆಂದರೆ
ಇವನಿಗೆ ಎಂತದೋ ಆಗಿದೆ ಅಂತಲೇ ಲೆಕ್ಕ.

ಮೂರನೆಯ ಆಟ ಉಡುಪಿಯ ಒಂದು ಶಾಲೆಯಲ್ಲಿ.
ಬುತ್ತಿ ಮುಚ್ಚಿದ.
ಮರೆತ.
ಅವನ ಕಿವಿ ನನ್ನ ಕಡೆ ವಾಲಿದ್ದು ನನಗೆ ಮಾತ್ರ ಕಂಡಿತು.
‘ನೀರು’ ಎಂಬುದು ನಾಲಗೆಯ ತುದಿಯಲ್ಲೇ ಇತ್ತು.
ಅಂದುಬಿಟ್ಟರೆ ಆ ನಾಟಕದ ಮೊದಲ ಮಾತು ಅದೇ.
ನುಂಗಿದೆ.
ಫ್ಯಾನು ತಿರುಗಿತು. ಯಾರೋ ಕೆಮ್ಮಿದರು.
ಮುಂದಿನ ಸಾಲಿನ ಒಂದು ಹುಡುಗಿ
ಬೆಂಚು ಹತ್ತಿ ನಿಂತು
ಹೊಳೆ ಇರಬೇಕಾದ ಕಡೆ ಇಣುಕಿದಳು
ದೋಣಿ ಬಂತೋ ಅಂತ.
ಅವಳನ್ನು ನೋಡಿ ಅವ ಎದ್ದ.

ಆ ರಾತ್ರಿ ಕುಲುಕುವ ಬಸ್ಸಿನಲ್ಲಿ
ಎರಡು ಸಾಲಿನ ನಡುವೆ ಪೆನ್ಸಿಲಿನಲ್ಲಿ ಸೇರಿಸಿದೆ:
ಮರೆಯುತ್ತಾನೆ.

ಆಮೇಲೆ ಆಡಿದವರೆಲ್ಲ ಅದನ್ನು ಕಲಿತರು.
ನರ್ಸ್ ಹರಿಣಾಕ್ಷಿ ಇಪ್ಪತ್ತು ಎಣಿಸುವಷ್ಟು ಮರೆಯುತ್ತಿದ್ದಳು,
ಬಿಜೈಯ ವಿಲ್ಫಿ ಒಂದೇ ಉಸಿರಿನಷ್ಟು.
ಲೋಕಯ್ಯನಿಗೆ ಮಾತ್ರ ಮತ್ತೆಂದೂ ಆಗಲಿಲ್ಲ;
ಮರೆತ ಹಾಗೆ ಮಾಡಿದ, ಅಷ್ಟೆ,
ಸಾಯುವವರೆಗೆ.

ಮೊನ್ನೆ ಕಾಲೇಜಿನ ಸ್ಪರ್ಧೆ.
ಹುಡುಗ ಬುತ್ತಿಯ ಬದಲು ಮೊಬೈಲು ತಂದಿದ್ದ.
ಮರೆಯುವ ಜಾಗದಲ್ಲಿ ಚೆಂದ ಮರೆತ.
ತೀರ್ಪುಗಾರರು ಎರಡು ಅಂಕ ಕಳೆದರು:
‘ನಡುವೆ ಗೊಂದಲ. ಅಭ್ಯಾಸ ಸಾಲದು.’

ಎದ್ದು ಹೇಳಬಹುದಿತ್ತು.
ನೋಟ್‌ಬುಕ್ ಚೀಲದಲ್ಲೇ ಇತ್ತು,
ಪೆನ್ಸಿಲು ಮಾಸಿ
ಕೊನೆಯ ‘ತ್ತಾನೆ’ಯಷ್ಟೇ ಉಳಿದಿದೆ.
ಕೂತೇ ಇದ್ದೆ.