ಆರು ಫೋಟೋ, ಜೆಪಿಜಿ

ಕೋಡಿಬಾಗ ರಸ್ತೆಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ.
ಮೀನು ಮಾರಿ ಮುಗಿಸಿದ ಬುಟ್ಟಿಯನ್ನು ಹೊಸ್ತಿಲ ಹೊರಗಿಟ್ಟು
ಸುಗಂಧಾ ದುರ್ಗೇಕರ ಒಳಗೆ ಬಂದಳು,
ಸೊಂಟದ ಸಂಚಿಯಿಂದ ಫೋನು ತೆಗೆದಳು.
ಕಾಣಕೋಣದ ಅಳಿಯ ಹೊಸತು ಕೊಂಡಾಗ ಬಿಟ್ಟುಕೊಟ್ಟ ಐಫೋನು,
ಮೂಲೆ ಒಡೆದದ್ದು, ಗಾಜಿಗೆ ಒಂದೆರಡು ಹುರುಪೆ.

ಏಳು ಫೋಟೋ. ರಾತ್ರಿ ಟ್ರಾಲರು ಬಡಿದುಹೋದ ಪಾತಿದೋಣಿಯದು.
ಪರಿಹಾರದ ಅರ್ಜಿಗೆ ಬೇಕು, ಇವತ್ತೇ ಕಡೇ ದಿನ.
ಕೇಬಲ್ ಚುಚ್ಚಿದೆ. ನನ್ನ ಕಂಪ್ಯೂಟರಿನ ತುಂಬ
ಏಳು ಬೂದು ಚೌಕ.

"ನನಗೆ ಕಾಣ್ತದಲ್ಲ, ನಿಮಗ್ಯಾಕೆ ಕಾಣುದಿಲ್ಲ?"

ಎಚ್‌ಇಐಸಿ ಎಂಬುದನ್ನು ಯಾವ ಭಾಷೆಯಲ್ಲಿ ಬಿಡಿಸಿ ಹೇಳಲಿ?
ಅಕ್ಕಾ, ನಿಮ್ಮ ಫೋನು ಜಾಣ, ಅಂದೆ,
ಜಾಗ ಉಳಿಸಲು ಚಿತ್ರವನ್ನು ಒಣಗಿಸಿ ಇಡುತ್ತದೆ.
ಇಲಾಖೆಗೆ ಹಸಿಯದೇ ಬೇಕು.
ನಕ್ಕಳು. "ಮೀನಿನ ಇಲಾಖೆಗೆ
ಒಣಮೀನಿನ ಗುರುತಿಲ್ಲವಾ?"

ಪರಿವರ್ತಿಸು ಎಂಬಲ್ಲಿ ಒತ್ತಿದೆ.
ಒಂದೂವರೆ ಎಂಬಿ, ನೆನೆಹಾಕಿದ ಒಣ ಶೆಟ್ಲಿಯಂತೆ
ಉಬ್ಬಿ ಮೂರಾಯಿತು.
ಪೋರ್ಟಲ್ಲು ಕೆಂಪಾಯಿತು: ಇನ್ನೂರು ಕೆಬಿ ಮೀರತಕ್ಕದ್ದಲ್ಲ.
ಉಬ್ಬಿಸಿದ್ದನ್ನೇ ಮತ್ತೆ ಹಿಂಡಿದೆ.
ಹಿಂಡಿದಷ್ಟೂ ಹಲಗೆಯ ಬಿರುಕು ಮಸುಕಾಗಿ
ಯಾರದೋ ನೆರಳು ಬಿದ್ದ ಹಾಗೆ.
ನೆರಳಿಗೆ ಯಾವ ಸಾಹೇಬ ಹಣ ಮಂಜೂರು ಮಾಡುತ್ತಾನೆ?

ಅವಳು ಪರದೆಗೆ ಮೂಗು ತಾಗುವಷ್ಟು ಬಾಗಿ
"ಸುತ್ತಲಿನ ಸಮುದ್ರ ಕತ್ತರಿಸಿ," ಅಂದಳು,
"ಅದಕ್ಕೇನೂ ಆಗಲಿಲ್ಲ."

ಕತ್ತರಿಸಿದೆ. ಸದಾಶಿವಗಡದ ಗುಡ್ಡ ಹೋಯಿತು,
ಕಾಳಿಯ ಬಾಯಿ ಹೋಯಿತು,
ಇನ್ಯಾರದೋ ಬಲೆ, ಮಲಗಿದ್ದ ಒಂದು ನಾಯಿ.
ಬಿರುಕು ಉಳಿಯಿತು, ನೂರತೊಂಬತ್ತೆಂಟು ಕೆಬಿ.

ಏಳನೆಯದರ ಮೇಲೆ ಅವಳ ಹೆಬ್ಬೆರಳು
ತುಸು ಹೆಚ್ಚು ಹೊತ್ತು ನಿಂತಿತು.
ಚಿತ್ರ ಮಿಸುಕಿತು.
ಬೆನ್ನು ಹಾಕಿ ಕೂತಿದ್ದ ಗಂಡ ಪುರ್ಸೋ
ಹಲಗೆಯನ್ನು ಎರಡು ಸಲ ತಟ್ಟಿದ, ಎಮ್ಮೆಗೆ ತಟ್ಟುವ ಹಾಗೆ,
"ಪಳೆ ಗೋ" ಎಂದ.
ಉಳಿದದ್ದು ಗಾಳಿಗೆ ಹೋಯಿತು. ಇಷ್ಟೂ ಮೂರು ಸೆಕೆಂಡು.

"ಇದೂ ಹೋಗ್ತದಾ ಅರ್ಜಿಯ ಸಂಗಡ?"

ಇಲ್ಲ. ಜೆಪಿಜಿಯಲ್ಲಿ ಅವರು ತಟ್ಟುವುದಿಲ್ಲ.
ದನಿಯೂ ಇರುವುದಿಲ್ಲ.
ಹೇಳುವಾಗ ನನಗೇ ಸ್ವಲ್ಪ ನಾಚಿಕೆ:
ಅರ್ಜಿಯ ಕನ್ನಡ ಬರೆದವಳು ನಾನೇ,
ಕಾಲು ಗಂಟೆ ಅವಳು ಕೊಂಕಣಿಯಲ್ಲಿ ಹೇಳಿದ್ದು ಅಲ್ಲಿ
"ಸದರಿ ದೋಣಿಗೆ ಹಾನಿಯಾಗಿರುತ್ತದೆ".

"ಹಾಗಾದ್ರೆ ಇದು ಬೇಡ. ಇಲ್ಲೇ ಇರಲಿ."
ಫೋನು ಸಂಚಿಗೆ ಹೋಯಿತು.

ಆರು ಸಾಕೋ ಸಾಲದೋ ಗೊತ್ತಿಲ್ಲ.
ಹನ್ನೆರಡು ಅಂಕಿಯ ಸ್ವೀಕೃತಿ ಸಂಖ್ಯೆ ಬಂತು,
ಹಳೆಯ ಬಿಲ್ಲಿನ ಹಿಂದೆ ಬರೆದುಕೊಟ್ಟೆ.
ಏಳಕ್ಕೆ ಎಪ್ಪತ್ತು ಎಂದು ಮೊದಲೇ ಮಾತಾಗಿತ್ತು.
ಅರವತ್ತು ಎಣಿಸಿಟ್ಟು, ಬುಟ್ಟಿ ಎತ್ತಿಕೊಂಡು
ಮಾಜಾಳಿ ಬಸ್ಸಿಗೆ ಕೈ ಮಾಡಿದಳು.